ಚಿಕ್ಕಮ್ಮನ ಚೀಟಿಗಳು

ನಮ್ಮ ಚಿಕ್ಕಮ್ಮನ ಮನೆಯಲ್ಲಿ ಚೀಟಿ ಅಂಟಿಸಿಕೊಳ್ಳದೆ ಉಳಿದದ್ದು ಚಿಕ್ಕಪ್ಪ ಒಬ್ಬರೇ. ಇಪ್ಪತ್ತು ವರ್ಷ ಗಿರಣಿಯ ಉಗ್ರಾಣ ನೋಡಿಕೊಂಡವಳು. ಉಪ್ಪಿನ ಡಬ್ಬಿಯಿಂದ ಹಿಡಿದು ಕತ್ತರಿಯವರೆಗೆ ಎಲ್ಲಕ್ಕೂ ಹೆಸರು ಬರೆದು ಅಂಟಿಸದಿದ್ದರೆ ಅವಳಿಗೆ ಊಟ ರುಚಿಸುವುದಿಲ್ಲ. ನಾವೆಲ್ಲ ನಗುತ್ತೇವೆ. ಏನಾದರೂ ಕಳೆದರೆ ಮಾತ್ರ ಅವಳ ಹತ್ತಿರವೇ ಓಡುತ್ತೇವೆ.

ಗಿರಣಿ ಮುಚ್ಚಿದ ಮೇಲೆ ಮನೆಯಿಂದಲೇ ದುಭಾಷಿ ಕೆಲಸ ಹಿಡಿದಳು. ವೈದ್ಯರ ಮಾತು ರೋಗಿಗೆ, ರೋಗಿಯ ಮಾತು ವೈದ್ಯರಿಗೆ, ಇಂಟರ್ನೆಟ್ ಕರೆಯಲ್ಲಿ. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಆದರೆ ಕರೆ ನಡುವೆಯೇ ಕಡಿದುಹೋಗುತ್ತಿತ್ತು.

"ಸೋಮವಾರ ಹತ್ತು ಗಂಟೆಗೆ ಪರೀಕ್ಷೆ ಕರೆ. ಅದೂ ಕಟ್ಟಾದ್ರೆ ಕೆಲಸ ಬೇರೆಯವರಿಗೆ ಹೋಗುತ್ತೆ" ಎಂದರು ದುಭಾಷಿಗಳ ಮೇಲ್ವಿಚಾರಕಿ.

ಮನೆಯಲ್ಲಿ ಇಂಟರ್ನೆಟ್ ಕಂಪನಿಯ ಪೆಟ್ಟಿಗೆ, ಅದರ ಹಿಂದೆ ಇವಳ ರೂಟರ್, ಎರಡೂ ಯಜಮಾನಿಕೆ ಮಾಡುತ್ತಿದ್ದವು; ಒಂದೇ ಪಾತ್ರೆಗೆ ಇಬ್ಬರು ಉಪ್ಪು ಹಾಕಿದ ಹಾಗೆ. ಇದಕ್ಕೆ ಮದ್ದು ಐಪಿ ಪಾಸ್‌ಥ್ರೂ. ಕಂಪನಿಯ ಪೆಟ್ಟಿಗೆ ಹೊರಗಿನ ಇಂಟರ್ನೆಟ್ ವಿಳಾಸವನ್ನು ನೇರವಾಗಿ ರೂಟರಿಗೆ ಒಪ್ಪಿಸಿ ತಾನು ತೆಪ್ಪಗಿರಬೇಕು. ಅದಕ್ಕೆ ರೂಟರಿನ ತಳದಲ್ಲಿ ಸಣ್ಣಕ್ಷರದಲ್ಲಿರುವ ಗುರುತಿನ ಸಂಖ್ಯೆ ಕೊಡಬೇಕು. ಚಿಕ್ಕಮ್ಮ ಶನಿವಾರವೇ ರೂಟರಿನದೂ ಟಿವಿ ಪೆಟ್ಟಿಗೆಯದೂ ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆದು ಅವುಗಳ ನೆತ್ತಿಗೆ ಅಂಟಿಸಿದಳು. ಚೀಟಿಯಲ್ಲಿ ಹೆಸರಿಗೆ ಜಾಗ ಸಾಲಲಿಲ್ಲ.

ಸೋಮವಾರ ಒಂಬತ್ತೂವರೆಗೆ ರೂಟರಿನ ಮೇಲಿದ್ದ ಸಂಖ್ಯೆ ನೋಡಿ ಕಂಪ್ಯೂಟರಿನಲ್ಲಿ ಒತ್ತಿದಳು. ಪರದೆ ನೋಡಿದರೆ ಹೊರಗಿನ ವಿಳಾಸ ಟಿವಿ ಪೆಟ್ಟಿಗೆಗೆ ಹೋಗಿ ಕೂತಿತ್ತು!

"ಚೀಟಿ ಯಾರು ಮುಟ್ಟಿದ್ದು?"

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. "ನಿನ್ನೆ ಧೂಳು ಒರೆಸೋವಾಗ ಎರಡೂ ಎದ್ದು ಬಂದ್ವು ಕಣೇ. ಮತ್ತೆ ಅಂಟಿಸ್ದೆ. ಇವತ್ತು ನಿನ್ನ ಪರೀಕ್ಷೆ ಅಲ್ವಾ, ಚೆನ್ನಾಗಿ ಕಾಣ್ಲಿ ಅಂತ ಒರೆಸಿದ್ದು..."

ಅವಳಿಗೆ ಪಿತ್ತ ನೆತ್ತಿಗೇರಿತು. ಬೈಯಲು ಹೊತ್ತಿರಲಿಲ್ಲ. ಚಿಕ್ಕಪ್ಪ ರೂಟರನ್ನು ಮಗುಚಿ ಹಿಡಿದರು, ಅವಳು ಭೂತಗನ್ನಡಿಯಲ್ಲಿ ಒಂದೊಂದೇ ಅಕ್ಷರ ಓದಿ ಹೊಸದಾಗಿ ಒತ್ತಿದಳು. ರೂಟರನ್ನು ಆರಿಸಿ ಹೊತ್ತಿಸುವಾಗ ಹತ್ತಕ್ಕೆ ನಾಲ್ಕೇ ನಿಮಿಷ.

ಕರೆ ಮುಕ್ಕಾಲು ಗಂಟೆ ನಡೆಯಿತು. ಒಮ್ಮೆಯೂ ಕಡಿಯಲಿಲ್ಲ. ಅವಳು ಕೋಣೆಯಿಂದ ಹೊರಗೆ ಬಂದಾಗ ಚಿಕ್ಕಪ್ಪ ರೂಟರಿನ ಮುಂದೆ ನೆಲದ ಮೇಲೆ ಕೂತಿದ್ದರು.

"ಇನ್ನೂ ಎದ್ದಿಲ್ವಾ ನೀವು?"

"ಅಲ್ಲಾಡಿದ್ರೆ ಎಲ್ಲಿ ಕಟ್ಟಾಗುತ್ತೋ ಅಂತ. ಕೆಲಸ ಉಳೀತಾ?"

"ಉಳೀತು."

ಅವಳು ಮೇಜಿನಿಂದ ಒಂದು ಚೀಟಿ ತೆಗೆದು ಏನೋ ಬರೆದು ಅವರ ಅಂಗಿಯ ಜೇಬಿನ ಮೇಲೆ ಒತ್ತಿ ಅಂಟಿಸಿದಳು. ಚಿಕ್ಕಪ್ಪ ಕತ್ತು ಬಗ್ಗಿಸಿ ಓದಿದರು: 'ಜಾಗ ಬದಲಿಸಬಾರದು.'