ಮೇಲಿನ ಗದ್ದೆಯ ಬಾವಿ

ಪೂರ್ವಜನ್ಮ, ಹಳೆಯ ನೆನಪು ಎಂದು ಯಾರಾದರೂ ಮಾತೆತ್ತಿದರೆ ನಾನು ಮೆಲ್ಲಗೆ ಎದ್ದು ಹೋಗುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಐವತ್ತರ ದಶಕದ ಕೊನೆ. ಮೂಡಬಿದಿರೆಯಲ್ಲಿ ಅಧ್ಯಾಪಕನಾಗಿದ್ದೆ. ರಜೆ ಬಂದರೆ ಊರೂರು ಸುತ್ತಿ ಹಳೆಯ ಸಂಗತಿ ಕೇಳುವ ಚಪಲ. ಹಾಗೆ ಒಮ್ಮೆ ನಾರಾವಿಯಿಂದಾಚೆ, ಗುಡ್ಡದ ಮೇಲಿನ ಒಂದು ಹಳ್ಳಿಗೆ ಹೋದೆ. ಮೊದಲ ಸಲ ಹೋದದ್ದು. ಬೇಸಾಯಗಾರ ಕೊರಗಪ್ಪ ಪೂಜಾರಿಯವರ ಮನೆಯಲ್ಲಿ ಇಳಿದುಕೊಂಡೆ. ಅಲ್ಲಿಂದ ಇನ್ನೂ ಮೇಲೆ ಹಿಂದೊಮ್ಮೆ ಗದ್ದೆ, ಮನೆಗಳಿದ್ದವಂತೆ. ಅವರ ತಾಯಿ ಚಿಕ್ಕವರಿದ್ದಾಗ ಜ್ವರ ಹಬ್ಬಿ ಜನ ಎಲ್ಲ ಬಿಟ್ಟು ಕೆಳಗಿಳಿದರಂತೆ.

ಬೆಳಿಗ್ಗೆ ಅದನ್ನು ನೋಡಲು ಇಬ್ಬರೂ ಹತ್ತಿದೆವು. ಗದ್ದೆಗಳೆಲ್ಲ ಕಾಡಾಗಿದ್ದವು. ನನಗೆ ಬಾಯಾರಿತು. ಯೋಚಿಸದೆ ಕೇಳಿಬಿಟ್ಟೆ: "ಬಾವಿ ಎಡಕ್ಕಲ್ಲವಾ?"

"ನಾನು ಕಂಡ ಹಾಗೆ ಇಲ್ಲಿ ಬಾವಿ ಇಲ್ಲ ಮಾಸ್ಟ್ರೆ," ಎಂದರು ಪೂಜಾರಿ.

ನನ್ನ ಕಾಲು ಆಗಲೇ ಅತ್ತ ತಿರುಗಿತ್ತು. ಅವರು ಕತ್ತಿಯಿಂದ ಪೊದೆ ಸವರಿದರು. ಒಳಗೆ ಕಲ್ಲು ಕಟ್ಟಿದ ಬಾವಿ; ಅರ್ಧ ಮಣ್ಣು ತುಂಬಿತ್ತು. ಪೂಜಾರಿ ಬಾವಿ ಬಿಟ್ಟು ನನ್ನನ್ನೇ ನೋಡಿದರು.

"ನಿಮಗೆ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ.

ನಾವು ಮನೆಗೆ ಇಳಿದಾಗ ಸುದ್ದಿ ಕೇಳಿ ಅವರ ತಾಯಿ ಅಕ್ಕಿ ಕೇರುವುದನ್ನು ನಿಲ್ಲಿಸಿ ನನ್ನೆದುರು ಬಂದು ಕೂತರು. "ಹಾಗಾದರೆ ನನ್ನ ಅಕ್ಕನನ್ನು ಯಾವ ಕಡೆ ಮಣ್ಣು ಮಾಡಿದ್ದು?" ಎಂದು ತುಳುವಿನಲ್ಲಿ ಕೇಳಿದರು.

ಊರು ಬಿಡುವ ದಿನ ಆ ಅಕ್ಕ ತೀರಿಕೊಂಡಿದ್ದಳು. ಅವಳನ್ನು ಬಾವಿಯ ಹತ್ತಿರ ಎಲ್ಲೋ ಹೂತಿದ್ದ ತಂದೆ, ಜಾಗ ತೋರಿಸುವ ಮೊದಲೇ ಸತ್ತಿದ್ದರು. "ಒಂದು ದೀಪ ಇಡ್ಲಿಕ್ಕುಂಟು. ಬಾವಿ ಗೊತ್ತಿದ್ದವರಿಗೆ ಅದೂ ಗೊತ್ತಿರ್ತದೆ. ನೆನಪು ಮಾಡಿ ಮಾಸ್ಟ್ರೆ."

ಮಧ್ಯಾಹ್ನ ಪೂಜಾರಿ ತಾಯಿಯನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಿದರು. ನಾನು ಬಾವಿಯ ಸುತ್ತ ನಡೆದೆ. ಏನೂ ಹೊಳೆಯಲಿಲ್ಲ. ನಿಂತಲ್ಲೆಲ್ಲ ಮುದುಕಿ, "ಇಲ್ಲಿಯಾ?" ಎನ್ನುತ್ತಿದ್ದರು. ಯಾವುದಾದರೂ ಒಂದು ಜಾಗ ತೋರಿಸಿಬಿಡಬಹುದಿತ್ತು. ಆ ಮುಖ ನೋಡಿ ಕೈ ಏಳಲಿಲ್ಲ.

"ಗೊತ್ತಾಗುವುದಿಲ್ಲ ಅಮ್ಮ," ಎಂದೆ.

"ಅವಸರ ಇಲ್ಲ. ನಾನು ಕೂತಿರ್ತೇನೆ," ಎಂದರು.

ಬಿಸಿಲು ಇಳಿಯುವವರೆಗೂ ಕೂತೇ ಇದ್ದರು. ಕೊನೆಗೆ ಮಗನೇ ಎತ್ತಿಕೊಂಡು ಇಳಿದರು.

ಮರುವರ್ಷ ಪೂಜಾರಿ ಬೆಳ್ತಂಗಡಿಯಲ್ಲಿ ಸಿಕ್ಕರು. "ಅಮ್ಮ ಈಗಲೂ ಕೇಳ್ತಾರೆ, ಮಾಸ್ಟ್ರಿಗೆ ನೆನಪಾಯಿತಾ ಅಂತ," ಎಂದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಕಾಣದ ಬಾವಿ ನನಗೆ ಹೇಗೆ ಗೊತ್ತಾಯಿತು, ಅದೊಂದೇ ಯಾಕೆ ಗೊತ್ತಾಯಿತು, ತಿಳಿಯದು. ಗೊತ್ತಾಗದಿದ್ದರೇ ಚೆನ್ನಾಗಿತ್ತು. ಅಷ್ಟು ವರ್ಷ ಆ ತಾಯಿ ಯಾರನ್ನೂ ಕೇಳದೆ ಬದುಕಿದ್ದರು.