ಝೆಲ್ಮನ್ನರ ಖಾಲಿ ಸಾಲು
ವಿಲ್ನಾದ ಯೆಹೂದಿ ಓಣಿಯ ಸಂಗೀತ ಸಂಯೋಜಕ ಝೆಲ್ಮನ್ನರಿಗೆ ರಾಗ ಹೊಳೆಯುವುದು ಶನಿವಾರದ ಸಬ್ಬತ್ತಿನಲ್ಲೇ, ಪ್ರಾರ್ಥನಾಮಂದಿರದ ಹಿಂದಿನ ಬೆಂಚಿನಲ್ಲಿ ಮುದುಕರ ದನಿ ಕೇಳುವಾಗ. ಅದು ಯೆಹೂದಿಗಳ ವಿಶ್ರಾಂತಿಯ ದಿನ, ಬರೆಯುವುದೂ ಕೆಲಸವೇ; ಅಂದು ಲೇಖನಿ ಮುಟ್ಟುವಂತಿಲ್ಲ. ಹಾಗಾಗಿ ಸಂಜೆ ನಕ್ಷತ್ರ ಮೂಡಿ ಸಬ್ಬತ್ತು ಮುಗಿಯುವವರೆಗೂ ರಾಗ ಜಾರೀತೆಂದು ಗುನುಗುತ್ತಲೇ ಇರುತ್ತಾರೆ. ನೆರೆಯವರು ಕ್ಷೇಮ ಕೇಳಿದರೂ ಗುನುಗು, ಮೀನು ನುಂಗುವಾಗಲೂ ಗುನುಗು. "ನಿಮ್ಮನ್ನ ಕಟ್ಕೊಳ್ಳೋ ಬದ್ಲು ಜೇನುಗೂಡು ಕಟ್ಕೊಂಡಿದ್ರೆ ಜೇನಾದ್ರೂ ಸಿಕ್ತಿತ್ತು," ಎಂದು ಹೆಂಡತಿ ಫ್ರೂಮಾ ಗೊಣಗುತ್ತಿದ್ದರು. ಇಷ್ಟಾದರೂ ಬರೆಯಲು ಕೂತಾಗ ನಡುವಿನ ಒಂದು ಸಾಲು ಕೈಕೊಡುತ್ತಿತ್ತು. ಆಗ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಫ್ರೂಮಾ ಅದನ್ನು ಅಲ್ಲಿಂದಲೇ ಗುನುಗಿ ಕೊಡುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಬರೆದ ಪ್ರತಿ ಕೃತಿಯಲ್ಲೂ ಒಂದು ಸಾಲು ಖಾಲಿ. ಮನೆಗೆ ಅಭ್ಯಾಸಕ್ಕೆ ಬಂದ ಪಿಟೀಲಿನವರು, "ಇಲ್ಲೇನು ನುಡಿಸ್ಬೇಕು ಗುರುಗಳೇ?" ಎಂದರೆ, "ಏನೂ ಬೇಡಪ್ಪ. ಸ್ವಲ್ಪ ಅಡುಗೆಮನೆ ಕಡೆ ಕಿವಿ ಕೊಡಿ," ಎನ್ನುತ್ತಾರೆ.