ಬೈಗುಳದ ತಾಲೀಮು

ನನ್ನ ಚಡ್ಡಿಯ ಇಸ್ತ್ರಿ ಗೆರೆಯ ಬಗ್ಗೆ ನನಗೆ ತುಸು ಹೆಚ್ಚೇ ಅಭಿಮಾನ. ದೈಹಿಕ ಶಿಕ್ಷಕನ ನೌಕರಿಯಿಂದ ನಾನು ನಿವೃತ್ತನಾದೆ. ಬಿಳಿ ಚಡ್ಡಿ, ಕೊರಳ ಸೀಟಿ, ಬೆಳಗಿನ ಐದರ ಎಚ್ಚರ ಇವು ನಿವೃತ್ತವಾಗಲಿಲ್ಲ. "ನಮ್ಮ ಓಣಿ ಕೋಳಿ ನಿಮ್ಮನ್ನ ನೋಡಿ ಕೂಗತೈತ್ರಿ" ಎನ್ನುತ್ತಾಳೆ ಹೆಂಡತಿ. ಅದನ್ನು ನಾನು ಹೊಗಳಿಕೆಯೆಂದೇ ಇಟ್ಟುಕೊಂಡಿದ್ದೇನೆ.

ಇಂಥವನಿಗೆ ಮನಸ್ಸೂ ಕವಾಯತು ಮಾಡುವ ವಸ್ತು ಎನಿಸುವುದು ಸಹಜ. ಸಾವಧಾನ್ ಎಂದರೆ ನಿಲ್ಲಬೇಕು, ವಿಶ್ರಾಮ್ ಎಂದರೆ ಸಡಿಲಾಗಬೇಕು. ಈಗಂತೂ ಮೊಬೈಲು ತೆರೆದರೆ ಸಾಕು, ಮನೋಬಲದ ಪಂಡಿತರು ಸಾಲುಗಟ್ಟಿ ಕೂತಿರುತ್ತಾರೆ. ಅವರಲ್ಲೊಬ್ಬರ ಮಾತು ನಂಬಿ ನಮ್ಮೂರು ಯರಗುಪ್ಪಿಯಲ್ಲಿ ನಾನು ತಾಲೀಮು ಕೊಡುವ ಕಬಡ್ಡಿ ಹುಡುಗಿಯರನ್ನು ಮೈದಾನದಲ್ಲಿ ಕೂಡಿಸಿ, "ಕಣ್ಣು ಮುಚ್ಚಿ, ತಿಳಿನೀರಿನ ಕೆರೆ ನೆನೆಸಿಕೊಳ್ಳಿ" ಎಂದೆ. ಆಮೇಲೆ ಒಬ್ಬಳು ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಸರ್, ಕೆರಿಯೊಳಗ ಎಮ್ಮಿ ಅದಾವ್ರಿ. ಇರಲೇನ್ರಿ, ಹೊಡದು ಕಳಸಲೇನ್ರಿ?"

ಕೇಳಿದವಳು ರೇಣುಕಾ, ನಮ್ಮ ತಂಡದ ರೇಡರ್. ಕಾಲಿನಲ್ಲಿ ಮಿಂಚು, ಮೂಗಿನ ತುದಿಯಲ್ಲಿ ಸಿಟ್ಟು. ನಮ್ಮ ಕಡೆ ಕಬಡ್ಡಿಯನ್ನು ಗೆರೆಯ ಒಳಗಿನವರು ಕೈಕಾಲಿನಿಂದ ಆಡಿದರೆ, ಹೊರಗಿನವರು ಬಾಯಿಯಿಂದ ಆಡುತ್ತಾರೆ. ಹಿಂದಿನ ಪಂದ್ಯದಲ್ಲಿ ಯಾರೋ ತನ್ನ ನಡಿಗೆ ಅಣಕಿಸಿದ್ದಕ್ಕೆ ಇವಳು ರೇಡು ಅರ್ಧಕ್ಕೆ ಬಿಟ್ಟು, ಜನರೊಳಗೆ ನುಗ್ಗಿ ಅವನ ಟೊಪ್ಪಿಗೆ ಕಿತ್ತು ಗಟಾರಕ್ಕೆ ಎಸೆದು ಬಂದಿದ್ದಳು. ಟೊಪ್ಪಿಗೆಯೂ ಹೋಯಿತು, ಪಂದ್ಯವೂ ಹೋಯಿತು. ಮುಂದೆ ಸಂಶಿ ಊರಲ್ಲಿ ನಡೆಯುವ ಪಂದ್ಯದಲ್ಲೂ ಹೀಗೇ ಮಾಡಿದರೆ ತಂಡದಲ್ಲಿ ಜಾಗವಿಲ್ಲ ಎಂದು ಉಳಿದ ಹುಡುಗಿಯರು ಖಡಾಖಂಡಿತ ಹೇಳಿಬಿಟ್ಟರು. "ಸಿಟ್ಟು ಹೆಂಗ ನುಂಗೂದ್ರಿ ಸರ್?" ಎಂದು ಅವಳು ಬಂದು ನಿಂತಾಗ ನನ್ನ ಹತ್ತಿರ ಕೆರೆಯ ಹೊರತು ಬೇರೆ ಔಷಧ ಇರಲಿಲ್ಲ.

ಆಗ ಕಣ್ಣಿಗೆ ಬಿದ್ದಾಕೆ ಹುಸೇನಬಿ. ಊರಿಗೆಲ್ಲ ಚಾಚಿ, ಮೈದಾನದ ಗೋಡೆಗೆ ಒರಗಿ ಬದನೆಕಾಯಿ ಮಾರುತ್ತಾಳೆ. ಆಕೆಯ ಬೈಗುಳ ತಿಂದ ಗಿರಾಕಿ ನಗುತ್ತಲೇ ಇನ್ನೂ ಅರ್ಧ ಕಿಲೋ ಒಯ್ಯುತ್ತಾನೆ. ನಾನು ಶಿಸ್ತಿನ ಮನುಷ್ಯ. ಸಂಜೆಯ ವೇಳಾಪಟ್ಟಿ ಬದಲಿಸಿದೆ: ಮೊದಲು ಓಟ, ಆಮೇಲೆ ಬೈಠಕ್, ಕೊನೆಗೆ ಬೈಗುಳ.

ರೇಣುಕಾ ರೇಡಿಗೆ ಹೊರಟ ಕೂಡಲೇ ಗೋಡೆಯ ಕಡೆಯಿಂದ ಶುರು. "ಏನ್ ಓಡ್ತೀಯಲೇ ರೇಣವ್ವಾ, ಹಿಟ್ಟಿನ ಗಿರಣಿಗೆ ಪಾಳಿ ಹಚ್ಚಾಕ ಹೊಂಟಂಗ! ನನ್ನ ಬದನಿಕಾಯಿ ಉರಳಿದ್ರೂ ನಿನಕಿಂತ ಜಲ್ದಿ ಹೋಗತಾವ!" ಮೊದಲ ದಿನ ಹುಡುಗಿ ಮುಷ್ಟಿ ಬಿಗಿದಳು. ಕೆಲವು ದಿನಕ್ಕೆ ನಗು ಬಂತು. ಅದು ಇನ್ನೊಂದು ಆಪತ್ತು. ನಕ್ಕರೆ ದಮ್ಮು ಮುರಿಯುತ್ತದೆ, ದಮ್ಮು ಮುರಿದರೆ ಔಟ್. ಸಿಟ್ಟಿನಂತೆ ನಗೆಯನ್ನೂ ನುಂಗುವುದು ಕಲಿಯಬೇಕಾಯಿತು. ಸುಖದುಃಖಗಳಲ್ಲಿ ಸಮನಾಗಿರುವ ಸ್ಥಿತಪ್ರಜ್ಞನ ಬಗ್ಗೆ ಹಿರಿಯರು ಬಹಳ ಹೇಳಿದ್ದಾರೆ. ಆತನ ಎದುರು ಚಾಚಿಯನ್ನು ಕೂಡಿಸಿ ನೋಡಿದವರು ಮಾತ್ರ ಯಾರೂ ಇಲ್ಲ.

ಸಂಶಿಯಲ್ಲಿ ಎದುರಾಳಿ ಕಲಘಟಗಿ ತಂಡ. ಅಂಕ ಸಮ, ಕೊನೆಯ ರೇಡು, ಹೊರಟವಳು ರೇಣುಕಾ. ಸುತ್ತಲಿಂದ ಅಣಕದ ಮಳೆ. ಚಾಚಿಯ ಕೈಯಲ್ಲಿ ಪಳಗಿದವಳಿಗೆ ಅದೆಲ್ಲ ಉಪ್ಪಿಲ್ಲದ ಸಾರು. ನಾನು ಎದೆಯುಬ್ಬಿಸಿ ಗೆರೆಯ ಬಾಜು ನಿಂತಿದ್ದೆ. ಅವಳಿಗೆ ನಾಟುವುದಿಲ್ಲ ಎಂದು ತಿಳಿದ ಒಂದು ಬಾಯಿ ನನ್ನ ಕಡೆ ತಿರುಗಿತು:

"ಏ ಮಾಸ್ತರ! ಚಡ್ಡಿಗಿ ಇಸ್ತ್ರಿ ಅಗದಿ ಚಲೋ ಆಗೇತಿ. ಹಂಗ ಕಾಲಿಗೂ ಒಮ್ಮೆ ಹೊಡಸಬೇಕಿತ್ತು, ಭಾಳ ಮುದುಡ್ಯಾವ!"

ಮುಂದಿನದು ನನಗಿಂತ ನೋಡಿದವರಿಗೇ ಚೆನ್ನಾಗಿ ನೆನಪಿದೆ. ನನ್ನ ತಲೆಯ ಟೊಪ್ಪಿಗೆ ತೆಗೆದು ನೆಲಕ್ಕೆ ಬಡಿದೆನಂತೆ. "ಯಾವನಲೇ ಅಂವ? ಮುಂದ ಬಾರಲೇ!" ಎಂದು ಜನರನ್ನು ತಡೆಯಲು ಕಟ್ಟಿದ ಹಗ್ಗದ ಕಡೆ ಓಡಿದೆನಂತೆ. ಕಲಘಟಗಿ ತಂಡದ ಮೂಲೆ ಕಾಯುವ ಆಟಗಾರ್ತಿ ಈ ತಮಾಷೆಗೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳಂತೆ. ಇಡೀ ಮೈದಾನದಲ್ಲಿ ನನ್ನ ಕಡೆ ತಿರುಗದವಳು ಒಬ್ಬಳೇ. ರೇಣುಕಾ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಕಾಲು ಚಾಚಿ ಆ ಹುಡುಗಿಯ ಹೆಬ್ಬೆರಳು ಮುಟ್ಟಿ, ಗೆರೆಗೆ ಮರಳಿದ್ದಳು. ಪಂದ್ಯ ನಮ್ಮದಾಯಿತು.

ಅಂಪೈರು ನನ್ನ ಮೊಣಕೈ ಹಿಡಿದು, "ಅಜ್ಜಾರ, ಹಗ್ಗದ ಹೊರಗ ನಡೀರಿ" ಎಂದ. ಧೂಳು ಮೆತ್ತಿದ ರೇಣುಕಾ ನನ್ನ ಟೊಪ್ಪಿಗೆ ಎತ್ತಿ ತಂದು ಕೊಟ್ಟಳು. "ಸರ್, ಕಣ್ಣ ಮುಚ್ಚರಿ. ಕೆರಿ ನೆನಸರಿ." ಮುಚ್ಚಿದೆ. ಕೆರೆ ಬಂತು. ಎಮ್ಮೆಗಳೂ ಬಂದವು, ಎಲ್ಲವೂ ಇಸ್ತ್ರಿ ಮಾಡಿದ ಚಡ್ಡಿ ತೊಟ್ಟು.

ಅದು ನನ್ನ ತಂತ್ರವೇ ಆಗಿತ್ತು ಎಂದು ಊರಿಗೆ ಬಂದು ಹೇಳಿ ನೋಡಿದೆ. ಚಾಚಿ ಬದನೆಕಾಯಿಗೆ ನೀರು ಚಿಮುಕಿಸುತ್ತ, "ಹೌದ್ರಿ ಮಾಸ್ತರ, ಹೌದು. ನಾಳೆ ಸಂಜಿಕ ಹುಡುಗ್ಯಾರು ಕುಂದರಲಿ, ನಡುವ ನೀವು ನಿಂದರ್ರಿ" ಎಂದಳು.

ಈಗ ವೇಳಾಪಟ್ಟಿಯ ಕೊನೆಯ ಪಾಠಕ್ಕೆ ವಿದ್ಯಾರ್ಥಿ ನಾನೊಬ್ಬನೇ. ಸೀಟಿ ರೇಣುಕಾಳ ಕೊರಳಲ್ಲಿದೆ. ನಿನ್ನೆ ಚಾಚಿ ನನ್ನ ಕಾಲುಗಳನ್ನು ಬೈದು ಮುಗಿಸಿದಳು, ತಡೆದುಕೊಂಡೆ. ಇವತ್ತು ಚಡ್ಡಿಯ ಪಾಠವಂತೆ. ಇಸ್ತ್ರಿ ಮಾಡದೆಯೇ ಹೊರಟಿದ್ದೇನೆ.